ಕಾಡಿನಲ್ಲಿ ಡಬ್ಬಿ ಇಡಬಹುದೆ?

ಒಬ್ಬರು ಭೂಮಾಪನ ಇಲಾಖೆಯಲ್ಲಿ ಸರ್ವೆಯರ್ ಆಗಿದ್ದು ನಿವೃತ್ತರಾದವರು. ಯಳಂದೂರು, ಕೊಳ್ಳೇಗಾಲ, ಹನೂರು ಸೀಮೆಯ ಹೊಲದ ಬದು, ಗೋಮಾಳ, ಕಾಡಂಚುಗಳಲ್ಲಿ ಸರಪಳಿ ಎಳೆದವರು. ಇನ್ನೊಬ್ಬಳು ಅವರ ತಮ್ಮನ ಮಗಳು. ಮೈಸೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ರಜೆ ಬಂದರೆ ಬೆಟ್ಟ ಸುತ್ತುವ ಗೀಳು. ಜಿಯೋಕ್ಯಾಶಿಂಗ್ ಎಂಬ ಆಟದ ದಾರಿಯೊಂದನ್ನು ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟದವರೆಗೆ ಹೆಣೆಯಬೇಕು ಎಂಬುದು ಅವಳ ಆಸೆ. ಅದಕ್ಕೆ ಈ ನೆಲ ಬಲ್ಲ ದೊಡ್ಡಪ್ಪನ ನೆರವು ಬೇಕು. ಯಳಂದೂರಿನ ಮನೆಯ ಜಗುಲಿಯ ಮೇಲೆ ಇಬ್ಬರ ನಡುವೆ ನಡೆದ ಮಾತು ಇದು.

ದೊಡ್ಡಪ್ಪ: ಆಟ ಅಂದೆಯಲ್ಲ, ಅದೇನು ಅಂತ ಮೊದಲು ಹೇಳು. ಕಾಡಿನ ಮಾತು ಆಮೇಲೆ.

ಹುಡುಗಿ: ಒಬ್ಬರು ಎಲ್ಲೋ ಒಂದು ಡಬ್ಬಿ ಬಚ್ಚಿಡ್ತಾರೆ ದೊಡ್ಡಪ್ಪ. ಆ ಜಾಗದ ಅಕ್ಷಾಂಶ, ರೇಖಾಂಶ ಎಲ್ಲರಿಗೂ ತಿಳಿಸ್ತಾರೆ. ಬೇಕಾದವರು ಜಿಪಿಎಸ್ ಹಿಡ್ಕೊಂಡು ಹುಡುಕ್ಕೊಂಡು ಹೋಗ್ತಾರೆ. ಡಬ್ಬಿಯೊಳಗೆ ಒಂದು ಪುಸ್ತಕ ಇರುತ್ತೆ. ಅದರಲ್ಲಿ ಹೆಸರು, ತಾರೀಕು ಬರೆದು, ಡಬ್ಬೀನ ಇದ್ದ ಕಡೆಯೇ ಇಟ್ಟು ಬರಬೇಕು. ಒಳಗಿರೋ ಸಣ್ಣಪುಟ್ಟ ಸಾಮಾನು ಯಾವುದಾದರೂ ತಗೊಂಡ್ರೆ ಅದಕ್ಕೆ ಸಮನಾದದ್ದು ಇನ್ನೊಂದು ಇಡಬೇಕು.

ದೊಡ್ಡಪ್ಪ: ಜಾಗ ಹೇಳಿಬಿಟ್ಟ ಮೇಲೆ ಹುಡುಕೋದು ಏನು ಬಂತು?

ಹುಡುಗಿ: ಅಂಕಿ ಗೊತ್ತಿದ್ರೂ ಕಾಲು ಅಲ್ಲಿಗೆ ಹೋಗಬೇಕಲ್ಲ. 2000ದ ಮೇ ತಿಂಗಳವರೆಗೂ ಅಮೆರಿಕದವರು ಜನಸಾಮಾನ್ಯರಿಗೆ ಸಿಗೋ ಜಿಪಿಎಸ್ ಸಂಕೇತವನ್ನ ಬೇಕು ಅಂತಲೇ ಕೆಡಿಸಿ ಬಿಡ್ತಿದ್ರು. ನೂರು ಮೀಟರ್ ಅತ್ತಿತ್ತ ತೋರಿಸೋದು. ಮೇ 2ಕ್ಕೆ ಆ ಕೆಡಿಸೋ ಕೆಲಸ ನಿಲ್ಲಿಸಿದ್ರು. ಮಾರನೇ ದಿನವೇ ಆರಿಗನ್ ರಾಜ್ಯದ ಬೀವರ್‌ಕ್ರೀಕ್ ಅನ್ನೋ ಊರಿನ ಹತ್ತಿರ ಡೇವ್ ಅಲ್ಮರ್ ಅನ್ನೋರು ಒಂದು ಕಪ್ಪು ಬಕೆಟ್ಟನ್ನ ಕಾಡಲ್ಲಿ ಅರ್ಧ ಹೂತಿಟ್ಟು, ಅಂಕಿ ಪ್ರಕಟಿಸಿ, ಯಾರಾದ್ರೂ ಹುಡುಕಿ ಅಂದ್ರು. ಅದರೊಳಗೆ ಪುಸ್ತಕ, ಸಾಫ್ಟ್‌ವೇರ್, ಒಂದು ಕವಣೆ, ಬೇಯಿಸಿದ ಕಾಳಿನ ಒಂದು ಡಬ್ಬ ಎಲ್ಲ ಇದ್ವು. ಆಟ ಶುರುವಾಗಿದ್ದು ಹಾಗೆ.

ದೊಡ್ಡಪ್ಪ: ಕವಣೆ, ಕಾಳು! ನಮ್ಮ ಕಡೆ ರಾತ್ರಿ ಹೊಲ ಕಾಯೋಕೆ ಹೋಗೋರ ಚೀಲದಲ್ಲೂ ಅವೇ ಇರ್ತಿದ್ವು. ಸರಿ, ಮುಂದೆ ಹೇಳು.

ಹುಡುಗಿ: ಅದು ಒಂದೇ ಹಂತದ್ದು. ನನಗೆ ಹುಚ್ಚು ಹಿಡಿಸಿದ್ದು ಹಲವು ಹಂತದ ದಾರಿ. ಕಂಪನಿಯವರು ಜರ್ಮನಿಗೆ ಕಳಿಸಿದ್ದಾಗ ಅಲ್ಲೊಂದು ಕಾಡಲ್ಲಿ ಆಡಿದ್ದೆ. ಮೊದಲನೇ ಅಂಕಿ ಕಾಡಿನ ಬಾಯಲ್ಲಿರೋ ಹಳೇ ಕಲ್ಲೊಂದರ ಮುಂದೆ ತಂದು ನಿಲ್ಲಿಸ್ತು. ಅದರಲ್ಲಿ ಕೆತ್ತಿದ್ದ ಇಸವಿಯ ಕೊನೇ ಎರಡು ಅಂಕಿ ತಗೊಂಡು ಸೇರಿಸಿದ್ರೆ ಎರಡನೇ ಜಾಗದ ಅಂಕಿ ಪೂರ್ತಿಯಾಗೋದು. ಅಲ್ಲಿ ಬೇಲಿಗೂಟದ ಹಿಂದೆ ಹೆಬ್ಬೆರಳ ಉಗುರಿನಷ್ಟು ತಗಡು. ತಗಡಿನ ಮೇಲೆ ದಿಕ್ಕು, ದೂರ ಮಾತ್ರ: ಇಷ್ಟು ಡಿಗ್ರಿ, ಇಷ್ಟು ಮೀಟರ್. ಆ ಗೆರೆ ಹಿಡಿದು ಇಳಿಜಾರು ಇಳಿದ್ರೆ ಒಂದು ಹಳ್ಳ. ಹಳ್ಳದ ಸೇತುವೆಗೆ ಎಷ್ಟು ಹಲಗೆ ಹೊಡೆದಿದ್ದಾರೆ ಅಂತ ಎಣಿಸಿದ್ರೆ ಕೊನೇ ಅಂಕಿ. ಕೊನೆಗೆ ಬೀಚ್ ಮರದ ಬೇರಿನ ಸಂದೀಲಿ ಸೈನ್ಯದವರ ಹಳೇ ಗುಂಡಿನ ಪೆಟ್ಟಿಗೆ, ಮೇಲೆ ತೊಗಟೆ ಮುಚ್ಚಿಟ್ಟಿದ್ರು. ಹೋಗೋಕೆ ಮುಂಚೆ ಅದು ನನಗೆ ಬರೀ ಮರಗಳ ಗುಂಪು. ಬರೋವಾಗ ಆ ಕಾಡಿನ ಕಲ್ಲು, ಹಳ್ಳ, ಸೇತುವೆ ಎಲ್ಲ ಗುರುತಾಗಿತ್ತು.

ದೊಡ್ಡಪ್ಪ: ದಿಕ್ಕು, ದೂರ ಹಿಡಿದು ಮುಂದಿನ ಕಲ್ಲು ಹುಡುಕೋದು ನಮ್ಮ ಕಸುಬೇ ಕಣಮ್ಮ. ಟಿಪ್ಪಣಿ ಹಿಡ್ಕೊಂಡು ಒಂದು ಬಾಂದುಕಲ್ಲಿಂದ ಇನ್ನೊಂದಕ್ಕೆ ಸರಪಳಿ ಎಳೀತಿದ್ವಿ. ಸರಪಳಿ 33 ಅಡಿ, ಅದಕ್ಕೆ 16 ಆಣೆ. ಆಣೆ ಅಂದ್ರೆ ಎರಡಡಿ, ಅದರ ಮೇಲೆ ಚೂರು. ನಿನ್ನ ಜಿಪಿಎಸ್ ಎಷ್ಟಕ್ಕೆ ನಿಲ್ಲುತ್ತೆ?

ಹುಡುಗಿ: ಅಕ್ಷಾಂಶದ ಒಂದು ಮಿನಿಟಿಗೆ ಸುಮಾರು 1,850 ಮೀಟರ್. ಅದನ್ನ ನಾವು ಸಾವಿರ ಭಾಗ ಮಾಡಿ ಬರೀತೀವಿ. ಹಾಗಾದ್ರೆ ಒಂದು ಭಾಗ ಎರಡು ಮೀಟರಿಗಿಂತ ಕಡಿಮೆ.

ದೊಡ್ಡಪ್ಪ: ಆರಡಿ. ಅಂದ್ರೆ ನಮ್ಮ ಮೂರಾಣೆ. ಹೊಲದಲ್ಲಿ ಮೂರಾಣೆ ತಪ್ಪಿದ್ರೆ ಅಣ್ಣತಮ್ಮಂದಿರು ಕೋರ್ಟಿಗೆ ಹೋಗ್ತಾರೆ.

ಹುಡುಗಿ: ಆಟದಲ್ಲಿ ಅಷ್ಟು ತಪ್ಪಿದ್ರೆ ಇನ್ನೊಂದು ಮರ ತಡಕಿದ್ರಾಯ್ತು. ದಟ್ಟ ಮರದ ಕೆಳಗೆ ಹತ್ತು ಹದಿನೈದು ಮೀಟರೂ ಅಲೆಯುತ್ತೆ. ಫೋನು ಹತ್ತಿರಕ್ಕೆ ಕರ್ಕೊಂಡು ಹೋಗುತ್ತೆ, ಆಮೇಲೆ ಕಣ್ಣೇ ಹುಡುಕಬೇಕು.

ದೊಡ್ಡಪ್ಪ: ಫೋನು ಗೆರೆ ಎಳೆಯೋದು ಹದ್ದು ಹಾರೋ ಹಾಗೆ. ಬೆಟ್ಟದಲ್ಲಿ ನಲವತ್ತು ಮೀಟರ್ ಅಂತ ತೋರಿಸುತ್ತೆ. ನಡುವೆ ಕೊರಕಲು, ಆಳೆತ್ತರ ಲಂಟಾನ. ಆ ಲಂಟಾನದ ಆಚೆ ಆನೆ ನಿಂತಿದ್ರೂ ಕಿವಿ ಬಡಿಯೋವರೆಗೂ ಗೊತ್ತಾಗಲ್ಲ. ಬೆಟ್ಟದ ಕಾಡಲ್ಲೇ ಬಾಳಿದ ಸೋಲಿಗರು ಹಿಂದೆ ತರಗು ಬೆಂಕಿ ಹಾಕ್ತಿದ್ರು. ಅದನ್ನ ನಿಲ್ಲಿಸಿದ ಮೇಲೆ ಲಂಟಾನ ಹಬ್ಬಿತು ಅಂತ ಅವರು ಈಗಲೂ ಹೇಳ್ತಾರೆ. ಇರಲಿ, ನಿನ್ನ ದಾರಿ ಎಲ್ಲಿಂದ ಶುರು?

ಹುಡುಗಿ: ನಮ್ಮೂರ ಬಳೆ ಮಂಟಪದಿಂದಲೇ. ಕಲ್ಲಲ್ಲಿ ಬಳೆ ಕೊರೆದು ಸರಪಳಿ ಮಾಡಿದ್ದಾರಲ್ಲ, ಅದರ ಬಳೆ ಎಣಿಸಿದ್ರೆ ಒಂದು ಅಂಕಿ. ಮುಂದೆ ದಿವಾನ್ ಪೂರ್ಣಯ್ಯನವರ ಬಂಗಲೆ. ಅವರಿಗೆ ಯಳಂದೂರು ಜಹಗೀರು ಬಂದ ಇಸವಿ 1807, ಅದರಿಂದ ಇನ್ನೊಂದು ಅಂಕಿ. ಅಲ್ಲಿಂದ ಗುಂಬಳ್ಳಿ, ಆಮೇಲೆ ಬೆಟ್ಟ. ಆ ಬೆಟ್ಟದ ಸಾಲನ್ನ ಹನ್ನೆರಡನೇ ಅಕ್ಷಾಂಶ ಅಡ್ಡ ಹಾಯುತ್ತೆ. ದಾರಿ ಮೇಲೆ ನಿಂತು, ಇಲ್ಲಿಗೆ 12 ಮುಗಿದು 11 ಶುರುವಾಯ್ತು ಅಂತ ಫೋನಿನಲ್ಲಿ ನೋಡೋದೇ ಒಂದು ಹಂತ. ಕೊನೇದು ದೊಡ್ಡ ಸಂಪಿಗೆ ಮರದ ಹತ್ತಿರ. ಇನ್ನೊಂದು ದಾರಿ ಕೊಳ್ಳೇಗಾಲದಿಂದ ಹನೂರು ಹಾದು ತಾಳಬೆಟ್ಟದವರೆಗೆ.

ದೊಡ್ಡಪ್ಪ: ಬಳೆ ಮಂಟಪದ ಹತ್ತಿರ ನಾಲ್ಕು ಜನ ಹೊಸಬರು ಫೋನು ಹಿಡ್ಕೊಂಡು ಕಲ್ಲು ತಡಕ್ತಾ ನಿಂತ್ರೆ ಏನಾಗುತ್ತೆ ಗೊತ್ತಾ? ನಿಧಿಗಳ್ಳರು ಬಂದವ್ರೆ ಅಂತ ಬೀದಿಯೇ ಸೇರುತ್ತೆ. ಹಾಳು ಗುಡಿ, ವೀರಗಲ್ಲು ಕಂಡ್ರೆ ರಾತ್ರಿ ಬಂದು ಅಗೆಯೋರು ಈ ರಾಜ್ಯದಲ್ಲಿ ಕಡಿಮೆ ಇಲ್ಲ. ಲಿಂಗ ಕಿತ್ತು, ಬಸವನ ಹೊಟ್ಟೆ ಒಡೆದು ನೋಡಿದ್ದಾರೆ. ಅಂಥ ಕಡೆ ಹೋಗಿ ಬಚ್ಚಿಟ್ಟದ್ದು ಹುಡುಕ್ತಿದ್ದೀವಿ ಅಂದ್ರೆ ಆಟ ಅಂತ ಯಾರು ನಂಬ್ತಾರೆ?

ಹುಡುಗಿ: ಮಂಟಪದ ಹತ್ತಿರ ಡಬ್ಬಿ ಇರಲ್ಲ. ಬರೀ ಎಣಿಸೋದು. ಹಗಲಲ್ಲೇ, ಎಲ್ಲರ ಕಣ್ಣಮುಂದೆ. ಅಗೆಯೋದಂತೂ ಆಟದಲ್ಲೇ ನಿಷಿದ್ಧ. ಮೊದಲನೇ ಬಕೆಟ್ಟು ಅರ್ಧ ಹೂತಿದ್ರೂ, ಆಮೇಲೆ ನೆಲ ಅಗೆದು ಇಡಬಾರದು ಅಂತ ನಿಯಮ ಮಾಡಿದ್ರು. ಜಾಗದ ಒಡೆಯರ ಒಪ್ಪಿಗೆ ಇಲ್ಲದೆ ಇಡೋ ಹಾಗೂ ಇಲ್ಲ.

ದೊಡ್ಡಪ್ಪ: ನಿಯಮ ನಿನಗೆ ಗೊತ್ತು, ದಾರಿಹೋಕನಿಗೆ ಗೊತ್ತಿಲ್ಲ. ಇನ್ನು ಹನೂರಿನ ಕಡೆಯ ಮಾತು ಕೇಳು. 1993ರ ಏಪ್ರಿಲ್ 9. ಪಾಲಾರ್ ಹತ್ತಿರ ದಾರಿಯಲ್ಲಿ ವೀರಪ್ಪನ್ ಕಡೆಯವರು ನೆಲಬಾಂಬು ಹೂತಿಟ್ಟಿದ್ರು. 22 ಜನ ಸತ್ರು. ಪೊಲೀಸರು, ಅರಣ್ಯದವರು, ಜೊತೆಗೆ ಹೋಗಿದ್ದ ಊರಿನವರು. ಅದಕ್ಕೂ ಮುಂಚೆ, 1991ರ ನವೆಂಬರಿನಲ್ಲಿ, ಗೋಪಿನಾಥಂ ಕಡೆ ಅರಣ್ಯಾಧಿಕಾರಿ ಶ್ರೀನಿವಾಸ್ ಅವರನ್ನ ಕೊಂದಿದ್ರು. ಆ ಸೀಮೆಯ ಐವತ್ತು ದಾಟಿದವರಿಗೆ ಕಾಡಲ್ಲಿ ಬಚ್ಚಿಟ್ಟ ಪೆಟ್ಟಿಗೆ ಅಂದ್ರೆ ಏನು ನೆನಪಾಗುತ್ತೆ ಅಂತ ಯೋಚನೆ ಮಾಡಿದ್ದೀಯಾ? ಅದೂ ಸೈನ್ಯದವರ ಗುಂಡಿನ ಪೆಟ್ಟಿಗೆ!

ಹುಡುಗಿ: ಅದನ್ನ ಯೋಚನೆ ಮಾಡಿರಲಿಲ್ಲ. ಒಪ್ಪಿದೆ, ಹನೂರಿನ ಕಡೆ ಲೋಹದ ಪೆಟ್ಟಿಗೆ ಬೇಡ. ಆದ್ರೆ ಒಂದು ಕೇಳ್ತೀನಿ. ವೀರಪ್ಪನ್ ಸತ್ತಿದ್ದು 2004ರಲ್ಲಿ. ಅಲ್ಲಿ ಹುಟ್ಟಿ ಬೆಳೆದ ಮಕ್ಕಳು ಇನ್ನೂ ಎಷ್ಟು ವರ್ಷ ಅವನ ಹೆಸರಿನ ಕಾಡಲ್ಲೇ ಇರಬೇಕು? ಗೋಪಿನಾಥಂನಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್‌ನವರೇ ಶಿಬಿರ ಮಾಡಿದ್ದಾರೆ, ಅದರ ಹೆಸರಲ್ಲೇ 'ಮಿಸ್ಟರಿ ಟ್ರೈಲ್ಸ್' ಅಂತ ಇದೆ. ಅವರು ಆ ಹೆಸರು ಇಟ್ಕೊಂಡು ಕೋಣೆ ಬಾಡಿಗೆಗೆ ಕೊಡಬಹುದು, ನಾನು ಒಂದು ಒಗಟು ಇಡಬಾರದಾ?

ದೊಡ್ಡಪ್ಪ: ಅಲ್ಲಿ ಕಾವಲು ಇದೆ, ಹೊಣೆ ಹೊರೋಕೆ ಒಬ್ಬರು ಇದ್ದಾರೆ. ನಿನ್ನ ಒಗಟಿಗೆ ಹೊಣೆ ಯಾರು? ಈಗಲೂ ಕಾಡಂಚಲ್ಲಿ ಏನೇನು ಬಚ್ಚಿಟ್ಟಿರ್ತಾರೆ ಅಂತ ನಿನಗೆ ಗೊತ್ತಿಲ್ಲ. ಹಂದಿಗೆ ಅಂತ ಉರುಳು, ಹಂದಿಗೆ ಅಂತಲೇ ಸಿಡಿಮದ್ದು. ಅದನ್ನ ಕಚ್ಚಿ ಹಸು ಬಾಯಿ ಛಿದ್ರ ಮಾಡ್ಕೊಂಡಿರುತ್ತೆ. ಎಲೆ ಸರಿಸು, ಪೊಟರೆಗೆ ಕೈ ಹಾಕು, ಕಲ್ಲು ಎತ್ತು ಅಂತ ಹೇಳಿಕೊಡೋ ಆಟ ನಿನ್ನದು. ನಮ್ಮ ಕಾಡಲ್ಲಿ ಮೊದಲು ಕಲಿಸೋದೇ ಪೊಟರೆಗೆ ಕೈ ಹಾಕಬೇಡ ಅಂತ.

ಹುಡುಗಿ: ಅದಕ್ಕೂ ದಾರಿ ಇದೆ. ಅರ್ಥ್‌ಕ್ಯಾಶ್ ಅಂತ 2004ರಿಂದ ಇದೆ. ಅದರಲ್ಲಿ ಡಬ್ಬಿಯೇ ಇಲ್ಲ. ಒಂದು ಬಂಡೆ, ಒಂದು ಜಲಪಾತದ ಮುಂದೆ ನಿಲ್ಲಿಸಿ ಪ್ರಶ್ನೆ ಕೇಳ್ತಾರೆ: ಈ ಪದರ ಯಾಕೆ ಓರೆಯಾಗಿದೆ, ಈ ಗುಂಡಿ ಹೇಗೆ ಆಯ್ತು ಅಂತ. ನೋಡಿ, ಅಳೆದು, ಉತ್ತರ ಕಳಿಸಬೇಕು. ನಮ್ಮ ಭರಚುಕ್ಕಿಯಲ್ಲೇ ಮಾಡಬಹುದು. ಕಾವೇರಿ ಎರಡು ಕವಲಾಗಿ ಆಚೆ ಗಗನಚುಕ್ಕಿ, ಈಚೆ ಕೊಳ್ಳೇಗಾಲದ ಕಡೆ ಭರಚುಕ್ಕಿ ಆಗಿ ಬೀಳುತ್ತೆ. ಅದನ್ನ ನೋಡೋಕೆ ಬರೋ ಜನ ಫೋಟೋ ತೆಗೆದು ಹೋಗ್ತಾರೆ. ನೀರು ಯಾಕೆ ಇಲ್ಲೇ ಬಿತ್ತು ಅಂತ ಯಾರೂ ಕೇಳಲ್ಲ.

ದೊಡ್ಡಪ್ಪ: ಇದು ಒಪ್ಪೋ ಮಾತು. ಭರಚುಕ್ಕಿಯಲ್ಲಿ ಮಾಡು, ಪೂರ್ಣಯ್ಯನವರ ಬಂಗಲೆಯಲ್ಲಿ ಮಾಡು. ಯಳಂದೂರಿಗೂ ಕೊಳ್ಳೇಗಾಲಕ್ಕೂ ನಡುವೆ ಎಲ್ಲಾದರೂ ಒಂದು ಹಂತ ಇಟ್ಟು, ಇಲ್ಲಿ ಏನಿತ್ತು ಅಂತ ಕೇಳು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೊಳ್ಳೇಗಾಲ ಈಸ್ಟ್ ಇಂಡಿಯಾ ಕಂಪನಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರ್ತು, ಯಳಂದೂರು ಮೈಸೂರಿನಲ್ಲೇ ಉಳೀತು. 1956ರ ನವೆಂಬರ್ ತನಕ ಹಾಗೇ. ಎತ್ತಿನಗಾಡಿ ಒಂದು ಬೆಳಗ್ಗೆ ಹೋಗೋ ದೂರದಲ್ಲಿ ಸರ್ಕಾರ ಬೇರೆ, ಅಳತೆ ಬೇರೆ. ಇಲ್ಲಿ ಎಕರೆಗೆ 40 ಗುಂಟೆ, ಅಲ್ಲಿ 100 ಸೆಂಟು. ಈ ಗಡಿಗೆ ಈಗ ಕಲ್ಲೂ ಇಲ್ಲ, ಬೋರ್ಡೂ ಇಲ್ಲ. ಅಂಥದ್ದು ಹುಡುಕಿಸು. ಬೆಟ್ಟಕ್ಕೆ ಯಾಕೆ ಹೋಗ್ತೀಯ?

ಹುಡುಗಿ: ಬೆಟ್ಟ ಎಲ್ಲರದಲ್ವಾ ದೊಡ್ಡಪ್ಪ?

ದೊಡ್ಡಪ್ಪ: ಕಾನೂನಿನ ಪ್ರಕಾರ ಅದು 1974ರಲ್ಲಿ ವನ್ಯಧಾಮ, 1987ರಲ್ಲಿ ಹಿಗ್ಗಿ 540 ಚದರ ಕಿಲೋಮೀಟರ್ ಆಯ್ತು, 2011ರಲ್ಲಿ ಹುಲಿ ಮೀಸಲು. ಹನೂರಿನ ಕಡೆ ಹೋದ್ರೆ ಕಾವೇರಿ ವನ್ಯಧಾಮ, ಮಲೆ ಮಹದೇಶ್ವರ ವನ್ಯಧಾಮ. ಅಲ್ಲಿ ದಾರಿ ಬಿಟ್ಟು ಕಾಲಿಡಬೇಕಾದ್ರೆ 1972ರ ಕಾಯಿದೆ ಪ್ರಕಾರ ಪರವಾನಗಿ ಬೇಕು.

ಹುಡುಗಿ: ಪರವಾನಗಿ ಕೇಳ್ತೀನಿ. ನಾನು ಕೇಳಿದ್ದು ಕಾನೂನಲ್ಲ.

ದೊಡ್ಡಪ್ಪ: ಹಾಗಾದ್ರೆ ಬೇರೆ ಥರ ಹೇಳ್ತೀನಿ. ಆ ಬೆಟ್ಟದಲ್ಲಿ ಹಂತಹಂತದ ದಾರಿ ಆಗಲೇ ಇದೆ. ಸೋಲಿಗರ ಒಂದೊಂದು ಕುಲಕ್ಕೆ ಒಂದೊಂದು ಎಲ್ಲೆ. ಎಲ್ಲೆ ಒಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಅಂತ ಐದು ಜಾಗ. ಕಲ್ಲುಗುಡಿ ಅಂದ್ರೆ ಹಿರೀಕರ ಕಲ್ಲಿರೋ ಕಡೆ, ಅಬ್ಬಿ ಅಂದ್ರೆ ನೀರಿರೋ ಕಡೆ. ಹೊರಗಿನವನಿಗೆ ಅದೊಂದು ಬಂಡೆ, ಅದೊಂದು ಮರ, ಅದೊಂದು ತೊರೆ. ತಲೆ ಮೇಲೆ ಬೋರ್ಡಿಲ್ಲ, ಸುತ್ತ ಬೇಲಿಯಿಲ್ಲ. ತಿಳಿದವರು ಜೊತೆಗಿದ್ರೆ ಮಾತ್ರ ಕಾಣುತ್ತೆ. ವನ್ಯಧಾಮ ಮಾಡಿದಾಗ ಅವರನ್ನ ಅಲ್ಲಿಂದ ಎಬ್ಬಿಸಿ ಪೋಡು ಅನ್ನೋ ಹಾಡಿಗಳಿಗೆ ತಂದು ಕೂರಿಸಿದ್ರು. ನಮ್ಮ ನಕ್ಷೆಯಲ್ಲಿ ಆ ಜಾಗಗಳು ಇರಲೇ ಇಲ್ಲ. ಅರಣ್ಯ ಅಂತ ಹಸಿರು ಬಳಿದ್ರು, ಅಷ್ಟೇ.

ಹುಡುಗಿ: ಈಗ ನೀವೇ ನನ್ನ ಮಾತು ಹೇಳಿದ್ರಿ. ನಿಮ್ಮ ನಕ್ಷೆಯಲ್ಲಿ ಇರದೇ ಇದ್ದದ್ದು ಆಮೇಲೆ ನಕ್ಷೆಗೆ ಬಂದಿದ್ದು ಹೇಗೆ? ಪರಿಸರ ಸಂಶೋಧನೆ ಮಾಡೋ ಏಟ್ರೀ ಸಂಸ್ಥೆಯವರೂ ಸೋಲಿಗರೂ ಜೊತೆಯಾಗಿ ಜಿಪಿಎಸ್ ಹಿಡ್ಕೊಂಡು ಎಲ್ಲೆ ಎಲ್ಲೆ ನಡೆದು ಅಂಥ ನೂರಾರು ಜಾಗ ಗುರುತು ಮಾಡಿದ್ರು. ಅಂಕಿ ಇಲ್ಲದಿದ್ರೆ ಇಲ್ಲಿ ನಮ್ಮ ದೇವರಿದೆ ಅಂತ ಹೇಳಿದ್ದು ಬಾಯಿಮಾತು, ಅಂಕಿ ಬಂದ ಮೇಲೆ ದಾಖಲೆ. 2011ರ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ತು. ದೇಶದ ಹುಲಿ ಮೀಸಲುಗಳಲ್ಲೇ ಮೊದಲು. ನೀವು ಬೈತಿರೋ ಅಂಕಿ ಅವರ ಪರವಾಗಿಯೂ ನಿಂತುಕೊಳ್ಳುತ್ತೆ.

ದೊಡ್ಡಪ್ಪ: ಅಂಕಿಯನ್ನ ನಾನು ಬೈಯಲಿಲ್ಲ, ಹೊಟ್ಟೆ ತುಂಬಿಸಿದ್ದೇ ಅಂಕಿ. ಆದ್ರೆ ವಸಿ ನಿಧಾನವಾಗಿ ನೋಡು. ಆ ನಕ್ಷೆಗೆ ಯಾವ ಜಾಗ ಹಾಕಬೇಕು ಅಂತ ತೀರ್ಮಾನ ಮಾಡಿದ್ದು ಆ ಜಾಗ ಬಲ್ಲವರು. ಅವರು ಮೊದಲು ಬಲ್ಲರು, ಆಮೇಲೆ ಅಂಕಿ ಬಂತು. ನಿನ್ನ ಆಟದಲ್ಲಿ ಅಂಕಿ ಮೊದಲು ಹೋಗುತ್ತೆ. ಜಾಗ ಏನು ಅಂತ ಗೊತ್ತಿಲ್ಲದವನ ಕೈಗೆ ಹೋಗುತ್ತೆ.

ಹುಡುಗಿ: ಗೊತ್ತಿಲ್ಲದವರಿಗೆ ಗೊತ್ತಾಗೋದು ಹೇಗೆ ಮತ್ತೆ?

ದೊಡ್ಡಪ್ಪ: ಕೇಳಬೇಕು. ಟಿಪ್ಪಣಿಯಲ್ಲಿ ಕಲ್ಲಿದೆ ಅಂತಿರುತ್ತೆ, ಹೊಲದಲ್ಲಿ ನೋಡಿದ್ರೆ ಇರಲ್ಲ. ರಾತ್ರೋರಾತ್ರಿ ಕಿತ್ತು ನಾಲ್ಕು ಮಾರು ಆಚೆ ನೆಟ್ಟಿರ್ತಾರೆ. ಆಗ ನಾವು ಹೋಗಿ ಕೂರ್ತಿದ್ದದ್ದು ಪಕ್ಕದ ಹೊಲದ ಮುದುಕಿಯ ಮುಂದೆ. ಎಲೆಯಡಿಕೆ ಕೊಟ್ಟು, ಮೊಮ್ಮಕ್ಕಳ ಸುದ್ದಿ ಕೇಳಿ, ಆಮೇಲೆ ಅವ್ವಾ, ಈ ಕಲ್ಲು ಎಲ್ಲಿತ್ತು ಅಂತ ಕೇಳೋದು. ಅವಳು ಕೂತಲ್ಲಿಂದಲೇ ಬೆರಳು ತೋರಿಸಿದ್ರೆ, ಸರಪಳಿ ಎಳೆದು ನೋಡಿದಾಗ ಅಲ್ಲೇ ಬೀಳೋದು. ನಿನ್ನ ಆಟದಲ್ಲಿ ಆ ಮುದುಕಿಗೆ ಕೆಲಸವೇ ಇಲ್ಲ. ಯಳಂದೂರಿಂದ ಸಂಪಿಗೆ ಮರದ ತನಕ ಯಾರ ಹತ್ತಿರವೂ ಒಂದು ಮಾತು ಆಡದೆ ಹೋಗಿ ಬರಬಹುದು.

ಹುಡುಗಿ: ನೀವು ಕೇಳಿದ್ರೆ ಹೇಳ್ತಾರೆ ದೊಡ್ಡಪ್ಪ. ಸರ್ಕಾರಿ ಚೀಲ, ಟಿಪ್ಪಣಿ ಪುಸ್ತಕ, ಮೇಲಾಗಿ ಗಂಡಸು. ನಾನು ಕೇಳಿ ನೋಡಿದ್ದೀನಿ. ಮೊದಲು ಬರೋ ಪ್ರಶ್ನೆ ಯಾವೂರವ್ವ. ಎರಡನೇದು ಯಾರ ಮಗಳು. ಮೂರನೇದು ಯಾವ ಜನ. ನಾಲ್ಕನೇದು ಜೊತೇಲಿ ಯಾರೂ ಬಂದಿಲ್ವಾ. ಇಷ್ಟೂ ದಾಟಿದ ಮೇಲೆ ದಾರಿ. ಮೂರನೇ ಪ್ರಶ್ನೆಗೆ ಕೊಟ್ಟ ಉತ್ತರ ಕೇಳಿ ದಾರಿ ಹೇಳೋ ದನಿಯೇ ಬದಲಾಗಿದ್ದನ್ನ ನನ್ನ ಗೆಳತಿಯ ಜೊತೆ ಹೋದಾಗ ಕಂಡಿದ್ದೀನಿ. ಗುಡಿಯ ಯಾವ ಬಾಗಿಲ ತನಕ ಬರಬಹುದು ಅಂತ ತೋರಿಸೋಕೂ ಅದೇ ಬೆರಳು ಬರುತ್ತೆ. ಅಂಕಿ ಅದ್ಯಾವುದನ್ನೂ ಕೇಳಲ್ಲ. ಅದಕ್ಕೇ ನನಗೆ ಅದು ಇಷ್ಟ.

ದೊಡ್ಡಪ್ಪ: ಇದಕ್ಕೆ ನಾನು ಇಲ್ಲ ಅನ್ನಲ್ಲ. ಕೇಳೋದು ಎಲ್ಲರಿಗೂ ಒಂದೇ ಬೆಲೆಗೆ ಸಿಗಲ್ಲ, ನಿಜ. ಆದ್ರೆ ಅಂಕಿಗೆ ಇನ್ನೊಂದು ಗುಣ ಇದೆ. ಅದು ಯಾರನ್ನೂ ಕೇಳಲ್ಲ, ಸರಿ. ಯಾರಿಗೂ ಬೇಡ ಅನ್ನೋದೂ ಇಲ್ಲ. ಆ ಮುದುಕಿಗೆ ನನ್ನ ಮುಖ ಹಿಡಿಸದಿದ್ರೆ, ಗೊತ್ತಿಲ್ಲ ಕಣಪ್ಪ ಅಂತಿದ್ದಳು. ಅದು ಅವಳ ಕೈಲಿದ್ದ ಬೀಗ. ಪೋಡಿನವರೂ ಅಷ್ಟೇ. ಈ ವರ್ಷ ಆ ಕಡೆ ಆನೆ ಮರಿ ಹಾಕಿದೆ, ಬೇಡ ಅಂತಾರೆ. ದೇವರ ಕೆಲಸ ನಡೀತಿದೆ, ಈಗ ಬೇಡ ಅಂತಾರೆ. ನೀನು ಅಂಕಿ ಬಿಟ್ಟ ಮೇಲೆ ಅದು ಬಿಟ್ಟ ಬಾಣ. ನಾಳೆ ನಿನಗೇ ಬೇಡ ಅನ್ನಿಸಿ ಅಳಿಸಿದ್ರೂ ಯಾರದೋ ಫೋನಲ್ಲಿ ಕೂತಿರುತ್ತೆ. ಹೋದೋರೆಲ್ಲ ನಿನ್ನ ಹಾಗೆ ಮರ ನೋಡೋಕೆ ಹೋಗಲ್ಲ. ಗಂಧದ ಮರದ ಲೆಕ್ಕ ಹಾಕೋರೂ ಹೋಗ್ತಾರೆ.

ಹುಡುಗಿ: ಗಂಧ ಕಡಿಯೋರಿಗೆ ನನ್ನ ಅಂಕಿ ಬೇಕಾಗಿಲ್ಲ. ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಕಳ್ಳರಿಗೆ ಗೊತ್ತಿದ್ದು ನಮಗೆ ಗೊತ್ತಿಲ್ಲದೇ ಇರೋದೇ ತೊಂದರೆ. 2025ರ ಜೂನಿನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಏನಾಯ್ತು? ತಾಯಿಹುಲಿ, ಜೊತೆಗೆ ನಾಲ್ಕು ಮರಿ. ಹುಲಿ ಕೊಂದಿದ್ದ ಹಸುವಿಗೆ ವಿಷ ಹಾಕಿಟ್ಟಿದ್ರು, ತಿಂದು ಐದೂ ಸತ್ತವು. ಅಲ್ಲಿಗೆ ಯಾವ ಆಟದವರೂ ಹೋಗಿರಲಿಲ್ಲ. ಬಾಗಿಲು ಹಾಕಿಟ್ಟ ಕಾಡಲ್ಲೇ ಅದು ನಡೀತು. ಕಾಡನ್ನ ಪ್ರೀತಿಸೋ ನಾಲ್ಕು ಜೊತೆ ಕಣ್ಣು ಹೆಚ್ಚಿದ್ರೆ ಕಾಡಿಗೆ ನಷ್ಟವೇನು?

ದೊಡ್ಡಪ್ಪ: ಫೋನಿನ ಮೇಲಿರೋ ಕಣ್ಣು ಕಾವಲಿನ ಕಣ್ಣಲ್ಲ. ಆ ಹುಲಿಗಳು ಸತ್ತಿದ್ದು ಹೊರಗಿನವರು ಬರಲಿಲ್ಲ ಅಂತಲ್ಲ. ಒಳಗೆ ಇರೋನಿಗೆ ತನ್ನ ಹಸುವಿಗಿಂತ ಹುಲಿ ಮುಖ್ಯ ಅನ್ನಿಸೋ ಹಾಗೆ ಯಾರೂ ನಡ್ಕೊಳ್ಳಲಿಲ್ಲ ಅಂತ. ನಿನ್ನ ಡಬ್ಬಿಯಿಂದ ಅವನಿಗೆ ಏನು ಬಂತು?

ಹುಡುಗಿ: ನೀವು ಹೇಳೋ ಹಳೇ ದಾರಿಯಿಂದ ಅವನಿಗೆ ಏನು ಬಂತು? ಮಲೆ ಮಹದೇಶ್ವರ ಬೆಟ್ಟದ ಮಾದಪ್ಪನ ಪರಸೆಯ ದಾರಿ ನೋಡಿ. ತಾಳಬೆಟ್ಟದಲ್ಲಿ ಕಾಯಿ ಒಡೆದು ಹತ್ತೋಕೆ ಶುರು ಮಾಡಿದ್ರೆ ರಂಗಸ್ವಾಮಿ ಒಡ್ಡು, ಆನೆತಲೆ ದಿಂಬ ಅಂತ ಒಂದೊಂದು ಹಂತಕ್ಕೆ ಒಂದೊಂದು ಹೆಸರು, ಒಂದೊಂದು ಕತೆ. ಕಂಸಾಳೆಯವರು ಎಪ್ಪತ್ತೇಳು ಮಲೆಯನ್ನ ಹಾಡಿನಲ್ಲೇ ನಡೆಸ್ತಾರೆ. ನಕ್ಷೆ ಇಲ್ಲದೆ ಶತಮಾನ ಉಳಿದ ದಾರಿ ಅದು, ನನಗೂ ಅದರ ಮೇಲೆ ಗೌರವ ಇದೆ. ಆದ್ರೆ ಶಿವರಾತ್ರಿ ಮುಗಿದ ಮಾರನೇ ದಿನ ಆ ದಾರೀಲಿ ನಡೆದು ನೋಡಿ. ನೀರಿನ ಬಾಟಲಿ, ತಟ್ಟೆ, ಲೋಟ, ಗುಟ್ಕಾ ಚೀಟಿ. ನಮ್ಮ ಆಟದವರಲ್ಲಿ ಹೋಗ್ತಾ ಡಬ್ಬಿ ಹುಡುಕು, ಬರ್ತಾ ಕಸ ಹೊತ್ತು ತಾ ಅಂತ ಒಂದು ವಾಡಿಕೆ ಇದೆ.

ದೊಡ್ಡಪ್ಪ: ಕಸದ ಮಾತು ಸರಿ, ಅದಕ್ಕೆ ನಾಚಿಕೆ ಪಡಬೇಕಾದ್ದೇ. ಆದ್ರೆ ಆ ದಾರಿ ಉಳಿದಿದ್ದು ಯಾಕೆ ಅಂತ ನೋಡು. ಹೋದೋನು ಮತ್ತೆ ಮತ್ತೆ ಹೋಗ್ತಾನೆ. ಅಪ್ಪ ಹೋಗಿದ್ದ ಅಂತ ಮಗ ಹೋಗ್ತಾನೆ. ಮಜ್ಜಿಗೆ, ಪಾನಕ ಇಟ್ಕೊಂಡು ಕೂರೋರು ಇದ್ದಾರೆ. ನಿನ್ನ ಆಟದಲ್ಲಿ ಹೆಸರು ಬರೆದಾಯ್ತು ಅಂದ್ರೆ ಆ ಜಾಗದ ಸಂಬಂಧ ಮುಗೀತು. ಮುಂದಿನ ಡಬ್ಬಿ, ಮುಂದಿನ ಕಾಡು. ಬಿಳಿಗಿರಿ ರಂಗಸ್ವಾಮಿಗೆ ದೊಡ್ಡ ಚಮ್ಮಾವುಗೆ ಹೊಲಿದು ಒಪ್ಪಿಸ್ತಾರಲ್ಲ, ಯಾಕೆ? ದೇವರು ಅದೇ ಕಾಡಲ್ಲಿ ಸುತ್ತಿ ಸುತ್ತಿ ಸವೆಸ್ತಾನೆ ಅಂತ. ಒಂದು ಸಲ ನೋಡಿ ಗೀಟು ಹಾಕಿ ಹೋಗೋನಿಗೆ ಅಂಥ ಚಪ್ಪಲಿ ಬೇಕಾಗಲ್ಲ.

ಹುಡುಗಿ: ಡಬ್ಬಿ ಇಟ್ಟವನು ಮಾತ್ರ ಮತ್ತೆ ಮತ್ತೆ ಹೋಗಲೇಬೇಕು ದೊಡ್ಡಪ್ಪ. ಪುಸ್ತಕ ನೆನೆದಿದೆಯಾ, ಮುಚ್ಚಳ ಸಡಿಲಾಗಿದೆಯಾ, ಸುತ್ತ ನೆಲ ತುಳಿದು ಬೋಳಾಗಿದೆಯಾ ಅಂತ ನೋಡಬೇಕು. ಬೋಳಾಗಿದ್ರೆ ಎತ್ತಿಬಿಡಬೇಕು. ಜರ್ಮನಿಯ ಆ ಡಬ್ಬಿಯ ಪುಸ್ತಕ ತುಂಬಿದಾಗಲೆಲ್ಲ ಇಟ್ಟವರೇ ಬಂದು ಹೊಸದು ಇಟ್ಟಿದ್ರು. ಮಳೆಗಾಲ ಮುಗಿದಾಗಲೆಲ್ಲ ನಾನು ಯಳಂದೂರಿಗೆ ಬರೋಕೆ ಒಂದು ನೆಪ ಬೇಡ್ವಾ?

ದೊಡ್ಡಪ್ಪ: ದೊಡ್ಡಪ್ಪ ಇರೋದು ನೆಪ ಸಾಲ್ದಾ?

ಹುಡುಗಿ: ನೀವು ಊಟಕ್ಕೆ ಕರೀತೀರಿ. ಕಾಡಿಗೆ ಕರೀತೀರಾ?

ದೊಡ್ಡಪ್ಪ: ಸರಿ, ಒಂದು ಲೆಕ್ಕಕ್ಕೆ ಬರೋಣ. ಬಳೆ ಮಂಟಪ, ಬಂಗಲೆ, ಹಳೇ ಗಡಿ, ಭರಚುಕ್ಕಿ. ಇವುಗಳಲ್ಲಿ ಡಬ್ಬಿ ಇಲ್ಲ, ಪ್ರಶ್ನೆ ಮಾತ್ರ. ಇದಕ್ಕೆ ನಾನು ಜೊತೆ ಬರ್ತೀನಿ, ಬೇಕಾದ್ರೆ ಅಳತೆ ತಾಳೆ ನೋಡಿಕೊಡ್ತೀನಿ. ಬೆಟ್ಟದ ದಾರೀಲಿ ಹನ್ನೆರಡನೇ ಅಕ್ಷಾಂಶವೂ ಇರಲಿ. ಅದನ್ನ ಬಸ್ಸಿನಲ್ಲಿ ಕೂತೇ ನೋಡಬಹುದು, ಆನೆಗೆ ತೊಂದರೆ ಇಲ್ಲ. ಕೊನೇ ಹಂತಕ್ಕೆ ಮಾತ್ರ ಅಂಕಿ ಬೇಡ. ಪೋಡಿನ ಹೆಸರು ಕೊಡು. ಅಲ್ಲಿಗೆ ಹೋಗಿ ಕೇಳಲಿ. ಅವರು ಕರ್ಕೊಂಡು ಹೋದ್ರೆ ಹೋಗಲಿ, ಕೂಲಿ ಕೊಡಲಿ. ಬೇಡ ಅಂದ್ರೆ ಅಲ್ಲಿಗೆ ಆಟ ಮುಗೀತು.

ಹುಡುಗಿ: ಅದು ಆಟವಲ್ಲ, ಗೈಡು ಹಿಡಿದು ಮಾಡೋ ಪ್ರವಾಸ. ಒಗಟು ಬಿಡಿಸ್ಕೊಂಡು ಅಷ್ಟು ದೂರ ಬಂದೋರನ್ನ ಕೊನೆಗೆ ಬಾಗಿಲಲ್ಲಿ ನಿಲ್ಲಿಸ್ತೀರಿ.

ದೊಡ್ಡಪ್ಪ: ಬಾಗಿಲಲ್ಲಿ ನಿಲ್ಲೋದೂ ಒಂದು ಹಂತ ಅಂದ್ಕೊ.

ಹುಡುಗಿ: ನಿಂತವರು ಯಾವ ಜನ ಅಂತ ಕೇಳದಿದ್ರೆ ನಿಲ್ಲಬಹುದು. ನನ್ನ ಲೆಕ್ಕ ಹೀಗೆ. ಮೊದಲು ಗ್ರಾಮಸಭೆಯಲ್ಲಿ ಕೂತು ಮಾತಾಡ್ತೀನಿ. ಯಾವ ಜಾಗ ತೋರಿಸಬಹುದು, ಯಾವುದು ಕೂಡದು, ಯಾವ ತಿಂಗಳು ಕೂಡದು ಅಂತ ಅವರೇ ಹೇಳಲಿ. ಪ್ರಶ್ನೆಯನ್ನೂ ಅವರೇ ಮಾಡಲಿ. ಪೋಡಿನ ಶಾಲೆಯ ಮಕ್ಕಳು ಮಾಡಿದ್ರೆ ಇನ್ನೂ ಒಳ್ಳೇದು. ಅವರು ತೋರಿಸಿ ಅಂದ ಜಾಗಕ್ಕೆ ಅಂಕಿ ಹಾಕ್ತೀನಿ. ಒಂದೇ ಒಂದು ಜಾಗ ಆದ್ರೂ ಸರಿ.

ದೊಡ್ಡಪ್ಪ: ಇಲಾಖೆ ಹೂಂ ಅಂದು, ಪೋಡಿನವರು ಉಹೂಂ ಅಂದ್ರೆ?

ಹುಡುಗಿ: ಹಂತ ಇಲ್ಲ. ನಿಮ್ಮ ಮಾತೇ ಗೆದ್ದ ಹಾಗೆ.

ದೊಡ್ಡಪ್ಪ: ಪೋಡಿನವರು ಹೂಂ ಅಂದು, ಇಲಾಖೆ ಉಹೂಂ ಅಂದ್ರೆ?

ಹುಡುಗಿ: ಆಗಲೂ ಇಲ್ಲ. ಆದ್ರೆ ಸುಮ್ಮನೆ ಬರಲ್ಲ. ಅದೇ ಬೆಟ್ಟದ ಕೆ. ಗುಡಿಯಿಂದ ಸಫಾರಿ ಜೀಪು ಹೋಗೋ ಕಾಡಲ್ಲಿ, ಅಲ್ಲೇ ಹುಟ್ಟಿದವರ ಹಿಂದೆ ನಾನು ನಡೆದು ಹೋದ್ರೆ ಏನು ಕೆಡುತ್ತೆ ಅಂತ ಕೇಳ್ತೀನಿ. ಹಕ್ಕುಪತ್ರ ಕೊಟ್ಟಮೇಲೆ ಬನ್ನಿ ಅನ್ನೋ ಹಕ್ಕು ಅವರಿಗೆ ಇದೆಯೋ ಇಲ್ವೋ ಅಂತಲೂ ಕೇಳ್ತೀನಿ.

ದೊಡ್ಡಪ್ಪ: ಅದನ್ನ ಅರ್ಜಿಯಲ್ಲಿ ಬರೀಬೇಡ. ಬರೆದ್ರೆ ಅರ್ಜಿ ಮೊದಲನೇ ಮೇಜಿನಲ್ಲೇ ಕೂತುಬಿಡುತ್ತೆ. ನಲವತ್ತು ವರ್ಷ ಅರ್ಜಿ ನೋಡಿದವನು ಹೇಳ್ತಿದ್ದೀನಿ.

ಹುಡುಗಿ: ಬರೀತೀನಿ. ಮೊದಲನೇ ಸಾಲಲ್ಲೇ.

ದೊಡ್ಡಪ್ಪ: ಬರಿ. ಆದ್ರೆ ಬಳೆ ಎಣಿಸೋಕೆ ಮಾತ್ರ ನನ್ನ ಕರಿ. ನೀನು ಒಬ್ಬಳೇ ಎಣಿಸಿ ಒಂದು ತಪ್ಪಿದ್ರೆ ಜನ ನೇರ ಯಾರದೋ ಗದ್ದೆಗೆ ಇಳೀತಾರೆ, ಆ ತಕರಾರು ಬಗೆಹರಿಸೋಕೆ ಮತ್ತೆ ಸರ್ವೆಯರ್ ಬರಬೇಕಾಗುತ್ತೆ.